ಸ್ಲೈಡಿನಲ್ಲಿ ಕಂಡ ಬಿರುಕು

ಬೇಸಿಗೆಯಲ್ಲಿ ನಾನು ಮಧ್ಯಾಹ್ನದ ಹೊತ್ತು ಸ್ಲೈಡುಗಳನ್ನು ಮುಟ್ಟುವುದಿಲ್ಲ. ಹಳೆಯ ಫೋಟೋ ಸ್ಲೈಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆ ಆಗ ಒಲೆಯ ಬಾಯಿಯಂತೆ ಕಾದಿರುತ್ತದೆ. ರಟ್ಟಿನ ಚೌಕಟ್ಟಿನೊಳಗಿನ ಫಿಲ್ಮು ಶಾಖಕ್ಕೆ ಹಪ್ಪಳದಂತೆ ಉಬ್ಬುತ್ತದೆ. ನಡುಭಾಗ ಸ್ಪಷ್ಟವಾದರೆ ಅಂಚು ಮಸುಕು, ಅಂಚನ್ನು ಸರಿಮಾಡಿದರೆ ನಡು ಮಸುಕು. ಹೀಗಾಗಿ ಹುನಗುಂದದ ನಿವೃತ್ತ ಭೂಗೋಳ ಮಾಸ್ತರರು ತಮ್ಮ ಸ್ಲೈಡುಗಳ ಟ್ರಂಕನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿದ ದಿನವೇ, ಬೆಳಗಿನ ಹೊತ್ತು ಮಾತ್ರ ಕೆಲಸ ಮಾಡುತ್ತೇನೆ, ತಡವಾಗುತ್ತದೆ ಎಂದು ಹೇಳಿಬಿಟ್ಟೆ.

"ತಡಾ ಆಗ್ಲಿ ತಂಗಿ," ಎಂದರು. "ನನ್ನ ಕಣ್ಣು ಪೂರಾ ಹೋಗೂದ್ರೊಳಗ ಒಮ್ಮಿ ದೊಡ್ಡದಾಗಿ ನೋಡಿದ್ರ ಸಾಕು."

ಅವರ ಕಣ್ಣಿನ ನರ ಸೊರಗುತ್ತಿತ್ತು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ಪಕ್ಕದಲ್ಲಿದ್ದವರು ಕಾಣುತ್ತಿರಲಿಲ್ಲ. ಕಾಲೇಜಿನಲ್ಲಿ ಕಲಿಸುತ್ತಿದ್ದಾಗ ಅವರು ಕ್ಯಾಮೆರಾ ಹಿಡಿದು ಜಿಲ್ಲೆಯೆಲ್ಲ ತಿರುಗಿದವರು. ಮರೋಳದ ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟದ್ದು, ಮಲಪ್ರಭೆಯ ದಂಡೆ ಕುಸಿದದ್ದು, ಬಾದಾಮಿಯ ಕೆಂಪು ಬಂಡೆಗಳು ಪದರ ಪದರವಾಗಿ ಸವೆದದ್ದು, ಎಲ್ಲವನ್ನೂ ಸ್ಲೈಡು ಮಾಡಿಸಿ, ಕಿಟಕಿ ಮುಚ್ಚಿದ ತರಗತಿಯಲ್ಲಿ ಗೋಡೆಯ ಮೇಲೆ ಬಿಟ್ಟು ಪಾಠ ಹೇಳುತ್ತಿದ್ದರಂತೆ.

ನನ್ನ ಕೆಲಸದ ಕ್ರಮ ಸರಳ. ಮೇಜಿನ ಮೇಲೆ ಬೆಳಕಿನ ಹಲಗೆ, ಅದರ ಮೇಲೆ ಸ್ಲೈಡು, ಮೇಲುಗಡೆ ಕಬ್ಬಿಣದ ಕಂಬಕ್ಕೆ ಬಿಗಿದು ಕೆಳಮುಖ ಮಾಡಿದ ಕ್ಯಾಮೆರಾ. ಮೊದಲು ರಬ್ಬರಿನ ಬುರುಡೆ ಒತ್ತಿ ಗಾಳಿಯಿಂದ ದೂಳು ಹಾರಿಸಬೇಕು. ಬಾಯಿಂದ ಊದಬಾರದು, ಉಗುಳಿನ ಹನಿ ಬಿದ್ದರೆ ಕಲೆ ಹೋಗುವುದಿಲ್ಲ. ಮೃದು ಕುಂಚ ಆಡಿಸಿ, ಅಂಚಿನಲ್ಲಷ್ಟೇ ಹಿಡಿದು ಇಟ್ಟು, ಫೋಕಸ್ ನೋಡಿ, ಮುಟ್ಟದೆ ದೂರದ ಗುಂಡಿಯಿಂದ ಕ್ಲಿಕ್ ಮಾಡಬೇಕು. ನಂತರ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವುದು. ಹಳೆಯ ಸ್ಲೈಡುಗಳಲ್ಲಿ ನೀಲಿ ಮೊದಲು ಸಾಯುತ್ತದೆ, ಕೆಂಪು ಉಳಿಯುತ್ತದೆ. ಮಾಸ್ತರರ ಆಕಾಶಗಳೆಲ್ಲ ಸಂಜೆಯಂತೆ ಕಾಣುತ್ತಿದ್ದವು.

ಆ ಬಂಡೆ ನನ್ನ ಕಣ್ಣಿಗೆ ಬಿದ್ದದ್ದು ಕೆಲಸ ಅರ್ಧ ಮುಗಿದಾಗ. ಬಾದಾಮಿಯಿಂದ ಶಿವಯೋಗ ಮಂದಿರದ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡ ಒಂದು ಸಣ್ಣ ಊರು. ಊರಿನ ಹೆಸರು ಬೇಡ. ಊರ ಹಿಂದೆ ಕೆಂಪು ಕಲ್ಲಿನ ಕಡಿದಾದ ಗೋಡೆ. ಅದರ ನೆತ್ತಿಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಂತೆ, ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಒಂದು ಬಂಡೆ. ಟ್ರಂಕಿನಲ್ಲಿ ಅದರ ಎರಡು ಸ್ಲೈಡುಗಳಿದ್ದವು. ಒಂದು ಮಾಸ್ತರರು ಕೆಲಸಕ್ಕೆ ಸೇರಿದ ಹೊಸತರಲ್ಲಿ ತೆಗೆದದ್ದು, ಇನ್ನೊಂದು ಎಷ್ಟೋ ವರ್ಷಗಳ ನಂತರ ಅದೇ ಜಾಗದಲ್ಲಿ ನಿಂತು ತೆಗೆದದ್ದು.

ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಬಂಡೆ ಬಲಕ್ಕೆ ವಾಲಿತ್ತು, ಎರಡನೆಯದರಲ್ಲಿ ಎಡಕ್ಕೆ. ಅಷ್ಟು ದೊಡ್ಡ ಕಲ್ಲು ತಾನಾಗಿ ಹೊರಳಲು ಸಾಧ್ಯವೇ? ಬುದ್ಧಿ ಬೇಡವೆಂದರೂ ಕಣ್ಣು ನಂಬಿತು. ಮಾಸ್ತರರಿಗೆ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದೆ.

ಅವರು, "ಕೆಳಗ ಸಾಲಿ ಗ್ವಾಡಿ ಐತೇನ್ ನೋಡು. ಅದರ ಮ್ಯಾಲಿನ ಅಕ್ಷರ ಓದಾಕ ಬರ್ತಾವೇನು?" ಎಂದರು.

ದೊಡ್ಡದು ಮಾಡಿ ನೋಡಿದೆ. ಎರಡನೆಯ ಚಿತ್ರದಲ್ಲಿ ಶಾಲೆಯ ಗೋಡೆಯ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಸ್ಲೈಡು ಮಗುಚಿತ್ತು. ಫಿಲ್ಮಿನ ಒಂದು ಮುಖ ಹೊಳೆಯುತ್ತದೆ, ಬಣ್ಣದ ಲೇಪವಿರುವ ಮುಖ ಮಂಕು. ಈ ಚೌಕಟ್ಟನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸುವಾಗ ಫಿಲ್ಮು ಹಿಂದುಮುಂದಾಗಿತ್ತು, ನಾನು ಹೊಳಪು ನೋಡದೆ ಹಾಗೆಯೇ ಇಟ್ಟಿದ್ದೆ. ನಕ್ಕುಬಿಟ್ಟೆ. ಮಾಸ್ತರರೂ ನಕ್ಕರು. ಫೋನಿಟ್ಟು, ಚಿತ್ರವನ್ನು ಸರಿಯಾಗಿ ತಿರುಗಿಸಿ ಮೊದಲಿನದರ ಮೇಲೆ ಕೂಡಿಸಿದೆ. ನಗು ಅಲ್ಲಿಗೇ ನಿಂತಿತು.

ಮೊದಲ ಚಿತ್ರದಲ್ಲಿ ಬಂಡೆಗೂ ಗುಡ್ಡಕ್ಕೂ ನಡುವೆ ಏನೂ ಇರಲಿಲ್ಲ, ಒಂದು ಕಪ್ಪು ನೆರಳಿನ ಗೆರೆ ಬಿಟ್ಟರೆ. ಎರಡನೆಯದರಲ್ಲಿ ಆ ಗೆರೆಯ ಮೇಲುತುದಿ ಬೆಳ್ಳಗಿತ್ತು. ಆಕಾಶದ ಬೆಳಕು, ನೂಲಿನಷ್ಟು.

ಅದು ಬಿರುಕೇ ಎಂದು ಹೇಳಲು ಇನ್ನೂ ಬರುವಂತಿರಲಿಲ್ಲ. ಆ ಸ್ಲೈಡಿಗೆ ಬೂಷ್ಟು ಹಿಡಿದಿತ್ತು. ಜೇಡರ ಬಲೆಯಂತೆ ಎಳೆ ಎಳೆಯಾಗಿ ಹರಡಿದ ಬೂಷ್ಟು ಲೇಪವನ್ನು ತಿಂದರೆ ಅಲ್ಲಿಯೂ ಹೀಗೇ ಬೆಳ್ಳನೆಯ ಗೆರೆ ಉಳಿಯುತ್ತದೆ. ತಿಳಿಯಬೇಕಾದರೆ ಅದನ್ನು ತೊಳೆಯಬೇಕು. ನೀರು ತಾಗಿಸಿದರೆ ಬೂಷ್ಟು ತಿಂದ ಲೇಪ ಕೆನೆಯಂತೆ ಕಿತ್ತು ಬರುತ್ತದೆ. ಶುದ್ಧ ಸ್ಪಿರಿಟ್ಟೇ ಬೇಕು, ಅದೂ ಹತ್ತಿಯ ತುದಿಯಲ್ಲಿ, ತೇವವೆನ್ನಿಸುವಷ್ಟೇ. ಬಣ್ಣ ಕರಗಿದರೆ ಆ ಚಿತ್ರ ಜಗತ್ತಿನಲ್ಲೇ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಫ್ಯಾನು ನಿಲ್ಲಿಸಿ ಕುಳಿತೆ. ಚೌಕಟ್ಟಿನ ಅಂಚನ್ನು ಬ್ಲೇಡಿನಿಂದ ಸೀಳಿ ಫಿಲ್ಮನ್ನು ಹೊರತೆಗೆದೆ. ಚಿತ್ರವಿಲ್ಲದ ಮೂಲೆಯಲ್ಲಿ ಮೊದಲು ಹತ್ತಿ ಒತ್ತಿ ನೋಡಿದೆ, ಬಣ್ಣ ಬಿಡಲಿಲ್ಲ. ಆಮೇಲೆ ಆಕಾಶದ ಕಡೆಯಿಂದ ಬಂಡೆಯತ್ತ ಒಂದೊಂದೇ ಎಳೆ ಒರೆಸುತ್ತ ಬಂದೆ. ಒಂದು ಕಡೆ ಹತ್ತಿಯ ತುದಿ ಕೆಂಪಾಯಿತು. ಆಕಾಶದ ಒಂದು ತುಣುಕು ಹೋಯಿತು. ಎದ್ದು ಅಂಗಳಕ್ಕೆ ಹೋಗಿ, ಬೆರಳು ಬಿಡಿಸಿ ಮಡಚಿ ಮತ್ತೆ ಬಂದು ಕುಳಿತೆ. ಮುಗಿಯುವಷ್ಟರಲ್ಲಿ ಬೂಷ್ಟೆಲ್ಲ ಹೋಗಿತ್ತು. ಬೆಳ್ಳನೆಯ ನೂಲು ಅಲ್ಲೇ ಇತ್ತು. ಅದರ ಬಾಯಲ್ಲಿ ಒಂದು ಅರಳಿಯ ಸಸಿಯೂ ಇತ್ತು, ಎಲೆಗಳನ್ನು ಎಣಿಸಬಹುದಾದಷ್ಟು ಚೊಕ್ಕವಾಗಿ.

ಬಂಡೆಯ ಕೆಳಗೆ, ಮೊದಲ ಚಿತ್ರದಲ್ಲಿ ಬರೀ ಕಳ್ಳಿಯ ಬೇಲಿ ಇದ್ದ ಜಾಗದಲ್ಲಿ, ಒಂದು ಗುಡಿಸಲೂ ಕಾಣುತ್ತಿತ್ತು.

ಅದೇ ವಾರ ಕಾರು ಗೊತ್ತುಮಾಡಿಕೊಂಡು ಹುನಗುಂದಕ್ಕೆ ಹೋಗಿ ಮಾಸ್ತರರನ್ನು ಹತ್ತಿಸಿಕೊಂಡೆ. ಅವರು ಎರಡೂ ಸಲ ನಿಂತದ್ದು, ಬಂಡೆ ಪಕ್ಕದಿಂದ ಕಾಣುವ, ಊರ ಮುಂದಿನ ಹಾಳು ಮಂಟಪದ ಕಟ್ಟೆಯ ಮೂಲೆಯ ಮೇಲೆ. ವಿದ್ಯಾರ್ಥಿಗಳಿಗೆ ಸವಕಳಿ ತೋರಿಸಬೇಕೆಂದು ಬೇಕಂತಲೇ ಒಂದೇ ಜಾಗ ಆರಿಸಿಕೊಂಡಿದ್ದರು. ಕಟ್ಟೆಯನ್ನು ಕೈಯಿಂದ ತಡವಿ, ಮೂಲೆ ಹುಡುಕಿ, "ಇಲ್ಲೇ. ನನ್ನ ಎಡಗಾಲು ಈ ಕಲ್ಲಿನ ಮ್ಯಾಲ," ಎಂದರು. ಹಳೆಯ ಚಿತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದು, ಶಾಲೆಯ ಗೋಡೆ ಮತ್ತು ಗುಡ್ಡದ ಕಲ್ಲಿನಲ್ಲಿದ್ದ ಒಂದು ಪೊಟರೆ ಅಲ್ಲಿದ್ದಂತೆಯೇ ಕೂಡಿ ಬರುವವರೆಗೆ ಕ್ಯಾಮೆರಾ ಸರಿಸಿದೆ.

"ಏನ್ ಕಾಣ್ತೈತಿ ಹೇಳು," ಎಂದರು ಮಾಸ್ತರರು.

"ಬೆಳಕು ಕಾಣ್ತೈತ್ರಿ ಸರ್. ಮ್ಯಾಲಿಂದ ಅರ್ಧದ ತನಕ."

ನೂಲು ಹೋಗಿ ಪಟ್ಟಿಯಾಗಿತ್ತು. ಸಸಿ ಮರವಾಗಿತ್ತು, ಅದರ ಬೇರುಗಳು ಬಿರುಕಿನೊಳಗೆ ಮುಷ್ಟಿ ಕಟ್ಟಿ ಇಳಿದಿದ್ದವು. ಗುಡಿಸಲು ಈಗ ತಗಡಿನ ಮಾಡಿನ ಇಟ್ಟಿಗೆ ಮನೆ, ಹಿಂದೆ ಆಡುಗಳ ದಡ್ಡಿ, ಮಗ್ಗುಲಿಗೆ ಒತ್ತಿಕೊಂಡು ಮತ್ತೊಂದು ಮನೆ. ಅಂಗಳದಲ್ಲಿ ಒಬ್ಬ ಮುದುಕಿ ಕಟ್ಟಿಗೆ ಹೊಂದಿಸುತ್ತಿದ್ದಳು. ನಮ್ಮನ್ನು ಕಂಡು, "ಬಿಸಲಾಗ ಯಾಕ ನಿಂತೀರಿ, ನೀರ್ ಕುಡೀ ಬರ್ರಿ," ಎಂದು ಕೂಗಿದಳು.

ಹೋಗಿ ನೀರು ಕುಡಿದೆವು. ತಣ್ಣಗಿನ ಕೊಡದ ನೀರು. ಕುಡಿಯುವಾಗ ತಲೆಯ ಮೇಲೆ ಆ ಕಲ್ಲಿದೆ ಎಂಬುದು ನನ್ನ ಕುತ್ತಿಗೆಗೆ ಗೊತ್ತಾಗುತ್ತಿತ್ತು. ಏನೂ ಹೇಳದೆ ಚೊಂಬು ವಾಪಸು ಕೊಟ್ಟೆವು.

ಕಾರಿನಲ್ಲಿ ಮಾಸ್ತರರು, "ನಾವು ಭೂವಿಜ್ಞಾನಿಗಳಲ್ಲ ತಂಗಿ. ಇನ್ನೂ ನೂರು ವರ್ಷ ಹಂಗ ನಿಂತ್ರೂ ನಿಂತೀತು. ಹೇಳಿ ತಪ್ಪಾದ್ರ ಅವ್ರ ಮನಿ ಬಿಡಿಸಿದ ಪಾಪ ನಮಗ," ಎಂದರು.

"ಹೇಳದ ಬಿಟ್ಟು ಬಿದ್ರ?"

ಅವರು ಕಿಟಕಿಯ ಗಾಜು ಇಳಿಸಿ ಗುಡ್ಡದ ಕಡೆ ಮುಖ ಮಾಡಿದರು. ಅವರನ್ನು ಹುನಗುಂದದಲ್ಲಿ ಇಳಿಸಿದೆ.

ಮನೆಗೆ ಬಂದು ಮೂರೂ ಚಿತ್ರಗಳನ್ನು ಒಂದರ ಮೇಲೊಂದು ಹಾಕಿದೆ. ಪೊಟರೆಗೆ ಪೊಟರೆ, ಗೋಡೆಗೆ ಗೋಡೆ ಕೂಡಿದವು. ಬಂಡೆ ಮಾತ್ರ ಕೂಡಲಿಲ್ಲ. ಅದರ ನೆತ್ತಿ ಪ್ರತಿ ಚಿತ್ರದಲ್ಲಿ ಮುಂದೆ ಬಂದಿತ್ತು. ಒಂದರಿಂದೊಂದಕ್ಕೆ ಬದಲಿಸಿ ನೋಡಿದರೆ, ಯಾರೋ ಮುದುಕ ಕುರ್ಚಿಯಿಂದ ಏಳಲು ಮುಂದೆ ಬಾಗುತ್ತಿರುವಂತೆ ಕಾಣುತ್ತಿತ್ತು. ಲೆನ್ಸಿನ ವ್ಯತ್ಯಾಸವೇ ಎಂದು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ, ಬೇರೆ ಗುರುತುಗಳನ್ನು ಹಿಡಿದು ಕೂಡಿಸಿ ನೋಡಿದೆ. ಪ್ರತಿ ಸಲವೂ ತಪ್ಪು ಸಿಗಲಿ ಎಂದೇ ಹುಡುಕಿದೆ. ಸಿಗಲಿಲ್ಲ.

ಸಂಬಂಧಪಟ್ಟ ಕಚೇರಿಗೆ ಹೋಗಿ ತೋರಿಸಿದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಚಿತ್ರಗಳನ್ನು ನಿಧಾನವಾಗಿ ನೋಡಿದರು. "ಮ್ಯಾಲಿನವರಿಗೆ ಬರೀತೇನ್ರಿ. ಕಲ್ಲು ತಿಳಿದವರು ಬಂದು ನೋಡಬೇಕು. ಮಳಿಗಾಲ ಮುಗಿಯೂದ್ರೊಳಗ ಬರಬಹುದು," ಎಂದರು. ಅವರ ಕಿಟಕಿಯಾಚೆ ಆಗಲೇ ಮೋಡ ಕಟ್ಟಿತ್ತು.

ಆ ದಿನಗಳಲ್ಲಿ ಬೇರೆ ಸ್ಲೈಡು ಮುಟ್ಟಲು ಆಗಲಿಲ್ಲ. ಗುಡುಗಿದರೆ ಎದ್ದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಊಟಕ್ಕೆ ಕುಳಿತರೆ ಆ ಅಂಗಳದ ಕೊಡ ಕಣ್ಣಮುಂದೆ ಬರುತ್ತಿತ್ತು. ಹೇಳಿ ತಪ್ಪಾದರೆ ನನ್ನನ್ನು ಬೈಯುತ್ತಾರೆ, ಊರು ನಗುತ್ತದೆ, ಅಷ್ಟೇ. ಇದನ್ನು ಇಷ್ಟು ಸರಳವಾಗಿ ನನಗೆ ನಾನೇ ಹೇಳಿಕೊಳ್ಳಲು ಒಂದು ಇಡೀ ದಿನ ಹಿಡಿಯಿತು. ಮೊದಲ ಮಳೆ ಬಿದ್ದ ಮರುದಿನ ಮೂರೂ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಮಾಸ್ತರರಿಗೆ ಫೋನು ಮಾಡಿದೆ. "ನಾ ಹೇಳಾಕ ಹೊಂಟೇನ್ರಿ ಸರ್." ಅವರು, "ನನ್ನ ಬಿಟ್ಟು ಹೋಗಬ್ಯಾಡ," ಎಂದರು.

ಮುದುಕಿಯ ಮಗ ಮನೆಯಲ್ಲಿದ್ದ. ನಡುವಯಸ್ಸು, ಆಡು ಕುರಿ ಸಾಕಿ ಬದುಕುವವನು. ಹೆಂಡತಿ ಮಕ್ಕಳು ತವರಿಗೆ ಹೋಗಿದ್ದರು. ಅಂಗಳದ ಹಾಸುಗಲ್ಲಿನ ಮೇಲೆ ಚಿತ್ರಗಳನ್ನು ಹರಡಿ, ಬೆಳಕಿನ ಗೆರೆಯನ್ನು ಬೆರಳಿಟ್ಟು ತೋರಿಸಿದೆ. ಅವನ ಮುಖ ಗಟ್ಟಿಯಾಯಿತು.

"ಅಕ್ಕಾರ, ಖರೆ ಹೇಳ್ರಿ. ಯಾರು ಕಳಿಸ್ಯಾರ ನಿಮ್ಮನ್ನ? ಗುಡ್ಡದ ಬುಡಕ್ಕ ಹೋಟೆಲ್ ಕಟ್ತೇವಂತ ಹ್ವಾದ ವರ್ಷನೂ ಇಬ್ರು ಬಂದಿದ್ರು. ಹೆದರಿಸಿ ಜಾಗಾ ಖಾಲಿ ಮಾಡಸಾಕ ಬಂದೀರೇನು?"

"ಯಾರೂ ಕಳಿಸಿಲ್ಲಪ್ಪ. ನಮಗ ಈ ಜಾಗಾ ತಗೊಂಡು ಏನು ಆಗಬೇಕೈತಿ?"

"ಮತ್ಯಾಕ ಇಷ್ಟು ಕಾಳಜಿ?"

ಮಗ್ಗುಲ ಮನೆಯವನು ಬಾಗಿಲಿಗೆ ಬಂದು ನಿಂತು ನಕ್ಕ. "ನಮ್ಮಜ್ಜನ ಅಜ್ಜ ಇದ್ದಾಗಿಂದ ನಿಂತ ಕಲ್ಲದು. ಇವರ ಕ್ಯಾಮೆರಾಕ್ಕ ಹೆದರಿ ಬೀಳತೈತೇನು?" ಅವನ ಹೆಂಡತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮಾಸ್ತರರು ಏನೋ ಪದರಗಲ್ಲಿನ ವಿಚಾರ ಹೇಳಲು ಹೋಗಿ ನಿಲ್ಲಿಸಿದರು. ಮುದುಕಿ ಮಾತ್ರ ಆ ಹೊತ್ತೆಲ್ಲ ಮೊದಲ ಚಿತ್ರದ ಮೇಲೆ ಬಾಗಿ ಕುಳಿತಿದ್ದಳು.

"ನಾ ಸೊಸಿಯಾಗಿ ಈ ಊರಿಗೆ ನಡ್ಯಾಕ ಬಂದಾಗ ಹಿಂಗ ಇತ್ತು," ಎಂದಳು ನಿಧಾನಕ್ಕೆ. "ಬೀರಪ್ಪ ದೇವರಿಗೆ ಎಡಿ ಮಾಡಿದ ದಿನ ಮ್ಯಾಲೆ ಹತ್ತಿ ಆ ಸಂದಿಗೆ ದೀಪಾ ಇಡ್ತಿದ್ವಿ. ಹಣತಿ ಒಳಗ ಹೋಗ್ತಿರಲಿಲ್ಲ. ಮುಂದ ಅಂಚಿಗೆ ಇಟ್ಟು ಬರ್ತಿದ್ವಿ."

ಅವಳು ಮಗನ ಕಡೆ ತಿರುಗಿದಳು.

"ಹ್ವಾದ ವರ್ಷ ಆಡಿನ ಮರಿ ಆ ಸಂದ್ಯಾಗ ಬಿದ್ದಾಗ ಯಾರು ತಂದ್ರು?"

"ನಾನ ತಂದೆ."

"ಹೆಂಗ ತಂದಿ?"

"ಒಳಗ ಇಳದು..." ಎಂದವನು ಅಲ್ಲಿಗೇ ನಿಂತ.

"ಹಣತಿ ಹೋಗದ ಜಾಗಾದಾಗ ನೀ ಇಳದೀಯಲ್ಲೋ," ಎಂದಳು ಮುದುಕಿ. "ನನಗ ತಿಳೀಲೇ ಇಲ್ಲ ನೋಡು. ದಿನಾ ನೋಡೂ ಕಲ್ಲು, ತಿಳೀಲೇ ಇಲ್ಲ."

ಆ ಸಂಜೆಯೇ ತಾಯಿ ಮಗ ಊರಾಚೆ, ಸಂಬಂಧಿಕರ ಹೊಲದಲ್ಲಿದ್ದ ತಗಡಿನ ಶೆಡ್ಡಿಗೆ ಆಡುಗಳನ್ನು ಹೊಡೆದುಕೊಂಡು ಹೋದರು. ಮಗ ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಮಗ್ಗುಲ ಮನೆಯವರು ಕದಲಲಿಲ್ಲ. ನಾನು ಎಷ್ಟು ಹೇಳಿದರೂ ಆ ಮನುಷ್ಯ, "ಬರ್ರಿ, ಚಾ ಕುಡೀರಿ," ಎನ್ನುತ್ತಿದ್ದನೇ ಹೊರತು ಬೇರೆ ಮಾತಿಲ್ಲ.

ಆಮೇಲೆ ನನ್ನ ಹೆದರಿಕೆ ಬೇರೆ ಕಡೆ ತಿರುಗಿತು. ಮಳೆ ಬಂತು, ಹೋಯಿತು, ಮತ್ತೆ ಬಂತು. ಬಂಡೆ ನಿಂತೇ ಇತ್ತು. ಶೆಡ್ಡು ಸೋರುತ್ತದೆ, ಎರಡು ಮರಿ ಥಂಡಿಗೆ ಸತ್ತವು ಎಂದು ಮಗ ಫೋನಿನಲ್ಲಿ ಹೇಳಿದ. "ನಿಮ್ಮ ಮಾತ ಕೇಳಿ ನಾವು ಮಳ್ಯಾಗ ಕುಂತೇವಿ ಅಕ್ಕಾರ. ನೀವು ಮನ್ಯಾಗ ಬೆಚ್ಚಗ ಅದೀರಿ." ಪರದೆಯ ಮುಂದೆ ಕುಳಿತು ಮತ್ತೆ ಮೂರೂ ಚಿತ್ರ ಕೂಡಿಸಿದೆ. ಬಂಡೆ ಬೀಳಲಿ ಎಂದು ಬಯಸುತ್ತಿದ್ದೇನೆಯೇ ಎಂಬ ಅನುಮಾನ ಬಂದು, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುದುಕಿಯ ಮಗ ಹಗಲು ಹೊತ್ತು ಹಳೆಯ ಮನೆಗೆ ಹೋಗಿಬರತೊಡಗಿದ್ದ. ಹೊಟ್ಟು, ಮೇವು ಇನ್ನೂ ಅಲ್ಲೇ ಇತ್ತು. ಬೇಡವೆಂದು ನಾನೂ, ಅವನ ತಾಯಿಯೂ ಹೇಳಿ ದಣಿದೆವು. ಒಂದು ಬೆಳಿಗ್ಗೆ, ಮಳೆ ನಿಂತು ಬಿಸಿಲು ಬಿದ್ದ ದಿನ, ಅವನ ಫೋನು ಬಂತು. ಎತ್ತಿದರೆ ಬರೀ ಏದುಸಿರು.

"ಏನಾತು? ಎಲ್ಲಿದ್ದಿ?" ಎಂದು ಚೀರಿದೆ.

"ಬಿತ್ತರಿ ಅಕ್ಕಾರ."

"ನೀ?"

"ಅದೇನಿ. ರಸ್ತೇದಾಗ ಅದೇನಿ. ದಡ್ಡ್ಯಾಗ ಮೇವು ಕಟ್ಟಾಕ ಹತ್ತಿದ್ದೆ. ತಗಡಿನ ಮ್ಯಾಲ ಶೇಂಗಾ ಸುರದಂಗ ಸಪ್ಪಳಾತು. ಮ್ಯಾಲ ನೋಡಿದೆ, ಮರ ಅಳ್ಳಾಡಾಕ ಹತ್ತಿತ್ತು, ಗಾಳೀನ ಇರಲಿಲ್ಲ. ಮೇವು ಬಿಟ್ಟು ಓಡಿದೆ. ಹಿಂದ ತಿರುಗಿ ನೋಡ್ಲಿಲ್ಲರಿ." ಆಮೇಲೆ ಅವನು ಅಳತೊಡಗಿದ.

ಮಾಸ್ತರರನ್ನು ಕರೆದುಕೊಂಡು ಹೋಗುವಷ್ಟು ಸಮಯವಿರಲಿಲ್ಲ, ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: "ಪೂರಾ ಬಿತ್ತೇನು, ಅರ್ಧಾ ಬಿತ್ತೇನು?"

ಅಲ್ಲಿಗೆ ತಲುಪಿದಾಗ ಆ ಪ್ರಶ್ನೆಯ ಅರ್ಥ ತಿಳಿಯಿತು. ದಡ್ಡಿ ಇರಲೇ ಇಲ್ಲ. ಮನೆಯ ಹಿಂದಿನ ಅರ್ಧ ಕೆಂಪು ಕಲ್ಲಿನ ಕೆಳಗೆ ಹೋಗಿ, ಮುಂದಿನ ಬಾಗಿಲು ಮಾತ್ರ ಚೌಕಟ್ಟಿನೊಂದಿಗೆ ನಿಂತಿತ್ತು. ಊರಿನ ಜನ ದೂರದಲ್ಲಿ ಗುಂಪುಗೂಡಿದ್ದರು. ಮುದುಕಿ ಮಗನ ತೋಳು ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ಅವನು ಎಲ್ಲಿಯೋ ಹೋಗಿಬಿಡುತ್ತಾನೆ ಎಂಬಂತೆ.

ಕ್ಯಾಮೆರಾಕ್ಕೆ ಉದ್ದನೆಯ ಲೆನ್ಸು ಹಾಕಿ ಮೇಲೆ ನೋಡಿದೆ. ಬಂಡೆ ಉದ್ದಕ್ಕೆ ಸೀಳಿ ಒಂದು ಹೋಳು ಬಿದ್ದಿತ್ತು. ಇನ್ನೊಂದು ಹೋಳು ಅಲ್ಲೇ ಇತ್ತು, ಅರಳಿ ಮರವನ್ನು ಹೊತ್ತುಕೊಂಡು, ಮಗ್ಗುಲ ಮನೆಯ ನೇರಕ್ಕೆ. ಅದರ ಹಿಂದೆ ಆಕಾಶ ಕಾಣುತ್ತಿತ್ತು, ಮೇಲಿನಿಂದ ಕೆಳಗಿನವರೆಗೂ.

ಮಗ್ಗುಲ ಮನೆಯವನು ತನ್ನ ಹೊಸ್ತಿಲ ಮೇಲೆ ಕುಳಿತಿದ್ದ. "ಬೀಳೂದು ಬಿದ್ದು ಮುಗೀತಲ್ಲ," ಎಂದ, ಯಾರಿಗೆ ಹೇಳುತ್ತಿದ್ದಾನೆಂದು ಗೊತ್ತಾಗದಂತೆ. "ಇನ್ನೇನೈತಿ. ಮುಗೀತಲ್ಲ." ನಾನು ಕ್ಯಾಮೆರಾದ ಪರದೆಯನ್ನು ಅವನ ಮುಂದೆ ಹಿಡಿದೆ. ಅವನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡ.

ಮುದುಕಿ ಮಗನ ತೋಳು ಬಿಟ್ಟಳು. ಆ ಮನುಷ್ಯನನ್ನು ದಾಟಿ ಅವನ ಮನೆಯೊಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಅವರ ರೊಟ್ಟಿಯ ಹಂಚಿತ್ತು. ಇನ್ನೂ ಬಿಸಿಯಿದ್ದುದರಿಂದ ಸೆರಗಿನಲ್ಲಿ ಹಿಡಿದಿದ್ದಳು. ಅದನ್ನು ರಸ್ತೆಯಾಚೆ ಬೇವಿನ ಮರದ ಕೆಳಗಿಟ್ಟು ಮತ್ತೆ ಒಳಗೆ ಹೋದಳು. ಈ ಸಲ ಹಿಟ್ಟಿನ ಡಬ್ಬಿ. ಆ ಮನುಷ್ಯನ ಹೆಂಡತಿ ಅಳುತ್ತಲೇ ನೀರಿನ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮುದುಕಿಯ ಮಗ ಹಾಸಿಗೆಯ ಸುರುಳಿ ಹೊತ್ತ. ಕೊನೆಗೆ ಆ ಮನುಷ್ಯನೂ ಹೊಸ್ತಿಲಿನಿಂದ ಎದ್ದು, ಏನು ಎತ್ತಬೇಕೆಂದು ತಿಳಿಯದೆ, ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿಗಳನ್ನು ಎದೆಗೊತ್ತಿ ಹಿಡಿದುಕೊಂಡು ನಡೆದ.

ನಾನು ಕ್ಯಾಮೆರಾವನ್ನು ಬೇವಿನ ಬುಡದಲ್ಲಿಟ್ಟು ಒಳಗೆ ಹೋದೆ. ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಹೊರಗೆ ಬರುವಾಗ ಮೇಲೆ ನೋಡಲಿಲ್ಲ.